ವಿಶ್ವ ಚಾಂಪಿಯನ್ ಎಂದು ಯಾರನ್ನು ಕರೆಯಬೇಕು?

ಹುಲಿಕೆರೆಯ ಮಕ್ಕಳು ಖೋ–ಖೋದಲ್ಲಿ ಗೆದ್ದರೆ ಮೊದಲು ಕೈಗೆ ಬರುವ ಪ್ರಮಾಣಪತ್ರದ ಮೇಲೆ ‘ಹೋಬಳಿ ಮಟ್ಟ’ ಎಂದೇ ಬರೆದಿರುತ್ತದೆ. ಹಳೇಬೀಡು ಹೋಬಳಿ ದಾಟಿದರೆ ಬೇಲೂರು ತಾಲ್ಲೂಕು, ಆಮೇಲೆ ಹಾಸನ ಜಿಲ್ಲೆ, ಮೈಸೂರು ವಿಭಾಗ, ರಾಜ್ಯ. ಯಾರ ಜೊತೆ ಆಡಿ ಗೆದ್ದರೋ ಅಷ್ಟೇ ದೊಡ್ಡ ಹೆಸರು. ಶಾಲಾ ಕ್ರೀಡಾಕೂಟದ ಈ ಲೆಕ್ಕ ನನಗೆ ಬಹಳ ಪ್ರಾಮಾಣಿಕವಾದುದು ಅನ್ನಿಸುತ್ತದೆ.

ಅಮೆರಿಕದವರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅಲ್ಲಿನ ಬೇಸ್‌ಬಾಲ್ ಲೀಗಿನ ಫೈನಲ್‌ಗೆ 1903ರಿಂದಲೂ ವರ್ಲ್ಡ್ ಸೀರೀಸ್ ಎಂದೇ ಹೆಸರು. ಈಗಿರುವ 30 ತಂಡಗಳಲ್ಲಿ ಕೆನಡಾದ ಟೊರಾಂಟೊ ಒಂದನ್ನು ಬಿಟ್ಟರೆ ಉಳಿದವೆಲ್ಲ ಅಮೆರಿಕದವು. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಗೆದ್ದವರನ್ನೂ ಅಲ್ಲಿ ವಿಶ್ವ ಚಾಂಪಿಯನ್ನರು ಎನ್ನುತ್ತಾರೆ. 2023ರ ಆಗಸ್ಟಿನಲ್ಲಿ ಬುಡಾಪೆಸ್ಟ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ನೋವಾ ಲೈಲ್ಸ್, ತಾನೂ ಅಮೆರಿಕದವನೇ ಆಗಿದ್ದು, ಇವರು ಯಾವ ವಿಶ್ವಕ್ಕೆ ಚಾಂಪಿಯನ್ನರು ಎಂದು ನೇರವಾಗಿ ಕೇಳಿದ. ಎನ್‌ಬಿಎ ಆಟಗಾರರು ಅವನ ಮೇಲೆ ಮುಗಿಬಿದ್ದರು. ಜಗತ್ತಿನ ಅತ್ಯುತ್ತಮ ಆಟಗಾರರೆಲ್ಲ ನಮ್ಮ ಲೀಗಿನಲ್ಲೇ ಆಡುತ್ತಾರಲ್ಲ ಎಂಬುದು ಅವರ ವಾದ.

ಆ ವಾದ ನಿಲ್ಲುವುದಿಲ್ಲ. ಐಪಿಎಲ್‌ಗೂ ಜಗತ್ತಿನ ಆಟಗಾರರು ಬರುತ್ತಾರೆ. 2025ರಲ್ಲಿ ಆರ್‌ಸಿಬಿ ಕೊನೆಗೂ ಕಪ್ ಎತ್ತಿದಾಗ ಊರೂರಲ್ಲಿ ಪಟಾಕಿ ಹೊಡೆದೆವು. ಆದರೂ ಅದನ್ನು ವಿಶ್ವಕಪ್ ಎಂದು ಕರೆಯಲಿಲ್ಲ. ಅದಕ್ಕೂ ಹಿಂದಕ್ಕೆ ಹೋಗೋಣ. 1996ರ ಒಂದೇ ವರ್ಷದಲ್ಲಿ ಭಾರತಕ್ಕೆ ಟೆಸ್ಟ್ ಆಡಿದ ಕರ್ನಾಟಕದವರು ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಡೇವಿಡ್ ಜಾನ್ಸನ್. ಇವರಲ್ಲಿ ಇಬ್ಬರು ನಮ್ಮ ಹಾಸನ ಸೀಮೆಯ ನಂಟಿನವರು: ಶ್ರೀನಾಥ್ ಹೆಸರಿನ ಹಿಂದಿರುವ ಜಾವಗಲ್ ಅರಸೀಕೆರೆ ತಾಲ್ಲೂಕಿನದು, 2024ರಲ್ಲಿ ತೀರಿಕೊಂಡ ಜಾನ್ಸನ್ ಹುಟ್ಟಿದ್ದೇ ಅರಸೀಕೆರೆಯಲ್ಲಿ. ಅಂಥವರಿದ್ದ ಕರ್ನಾಟಕ ಆ ದಶಕದಲ್ಲಿ ಮೂರು ಸಲ ರಣಜಿ ಗೆದ್ದಿತು. ವಿಶ್ವಕಪ್‌ಗೆ ಬರುತ್ತಿದ್ದ ಕೆಲವು ದೇಶಗಳನ್ನು ಆ ತಂಡ ಸೋಲಿಸುತ್ತಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಆದರೂ ಗೆದ್ದದ್ದು ರಣಜಿ ಟ್ರೋಫಿಯೇ. ತಂಡ ಎಷ್ಟು ಬಲಶಾಲಿ ಎಂಬುದರಿಂದ ವಿಶ್ವ ಪ್ರಶಸ್ತಿ ಆಗುವುದಿಲ್ಲ. ಬೇರೆ ದೇಶಗಳು ತಮ್ಮ ತಂಡ ಕಟ್ಟಿಕೊಂಡು ಬಂದು ಆಡಲು ಬಾಗಿಲು ತೆರೆದಿತ್ತೇ ಎಂಬುದೇ ಮುಖ್ಯ.

ಹಾಗಾದರೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ–ಖೋ ವಿಶ್ವಕಪ್? ನಮ್ಮದೇ ಆಟ, ನಮ್ಮದೇ ಅಂಗಳ, ಗೆದ್ದವರೂ ನಾವೇ. ಇದು ಹೆಸರಿಗಷ್ಟೇ ವಿಶ್ವಕಪ್ ಎಂದು ಮೂಗು ಮುರಿದವರಿದ್ದರು. ಅವರ ಅನುಮಾನಕ್ಕೆ ಕಾರಣವೂ ಇತ್ತು. ನಮ್ಮ ಮಹಿಳೆಯರು ದಕ್ಷಿಣ ಕೊರಿಯಾವನ್ನು 175–18ರಿಂದ, ಬಾಂಗ್ಲಾದೇಶವನ್ನು 109–16ರಿಂದ ಸೋಲಿಸಿದರು. ಅದನ್ನು ಪೈಪೋಟಿ ಎನ್ನಲು ನನಗೂ ಮನಸ್ಸು ಬರುವುದಿಲ್ಲ. ಆದರೆ ಪುರುಷರ ಮೊದಲ ಪಂದ್ಯ ನೋಡಿ. ನೇಪಾಳದ ಮೇಲೆ 42–37, ಬರೀ ಐದು ಅಂಕದ ಅಂತರ. ಮೂರೇ ಮೂರು ಬಾರಿ ನೇಪಾಳದ ಓಟಗಾರ ಕೈಗೆ ಸಿಗದೆ ಕಂಬ ಸುತ್ತಿಕೊಂಡು ತಪ್ಪಿಸಿಕೊಂಡಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತು. 23 ದೇಶಗಳು ತಮ್ಮ ಬಾವುಟ ಹಿಡಿದು ಬಂದಿದ್ದವು. ಸೋತವರು ದುರ್ಬಲರಿದ್ದರು ನಿಜ, ಅವರಿಗೆ ಬಾಗಿಲು ಮುಚ್ಚಿರಲಿಲ್ಲ. ಅದಕ್ಕೇ ಇದು ವಿಶ್ವಕಪ್, ವರ್ಲ್ಡ್ ಸೀರೀಸ್ ಅಲ್ಲ.

ಕಬಡ್ಡಿಯ ಬಗ್ಗೆಯೂ ಹೀಗೇ ಹಗುರವಾಗಿ ಮಾತಾಡುತ್ತಿದ್ದರು. 2004, 2007, 2016ರ ವಿಶ್ವಕಪ್‌ಗಳು ನಮ್ಮವೇ ಆದವು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಪುರುಷರ ಚಿನ್ನವನ್ನೂ ಮಹಿಳೆಯರ ಚಿನ್ನವನ್ನೂ ಕಿತ್ತುಕೊಂಡಿತು. ಅಂದು ಹೊಟ್ಟೆ ಉರಿದದ್ದು ಸುಳ್ಳಲ್ಲ. ಆದರೆ ಆ ಸೋಲಿನ ನಂತರ ಕಬಡ್ಡಿಯಲ್ಲಿ ಎದುರಾಳಿಗಳಿಲ್ಲ ಎನ್ನುವ ಬಾಯಿಗಳು ಮುಚ್ಚಿದವು. ಖೋ–ಖೋಗೂ ಆ ದಿನ ಬರಲಿ.

ಆಟಗಾರರ ಮಾತಿಗೆ ಬರುತ್ತೇನೆ, ಅದೇ ನನಗೆ ಹೆಚ್ಚು ನೋವಿನ ವಿಷಯ. ದೆಹಲಿಯಲ್ಲಿ ಗೆದ್ದ ತಂಡಗಳಲ್ಲಿ ಕರ್ನಾಟಕದವರು ಇಬ್ಬರು: ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ, ಫೈನಲ್‌ನಲ್ಲಿ ಪಂದ್ಯದ ಶ್ರೇಷ್ಠ ಆಟಗಾರ್ತಿ. ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ ಇಬ್ಬರೂ ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿರುವುದು ಅವರಿಗೆ ಗೊತ್ತಿತ್ತು. ಅವರನ್ನು ದುರಾಸೆಯವರು ಎಂದವರ ಮಾತು ನನಗೆ ಹಿಡಿಸಲಿಲ್ಲ. ಸುಣ್ಣದ ಗೆರೆ ಎಳೆದ ಮಣ್ಣಿನ ಅಂಗಳದಲ್ಲಿ ಮೊಣಕಾಲು ತರಚಿಕೊಂಡು ಬೆಳೆಯುವ ಈ ಆಟಗಾರರ ಪಾಲಿಗೆ ಒಂದು ನೌಕರಿ ಎಂದರೆ ಇಡೀ ಬದುಕು.

ಸನ್ಮಾನದ ಫೋಟೊದಲ್ಲಿ ಪಕ್ಕಕ್ಕೆ ನಿಲ್ಲುವಾಗ ‘ವಿಶ್ವಕಪ್ ವಿಜೇತರು’ ಎನ್ನುವುದು, ಹಣ ಕೊಡುವಾಗ ಸಣ್ಣ ಕೂಟದವರಂತೆ ನೋಡುವುದು ಸರಿಯಲ್ಲ. ಮುಂದಿನ ವಿಶ್ವಕಪ್‌ಗೆ ಮೊದಲೇ ಸರ್ಕಾರ ಖೋ–ಖೋ ಮತ್ತು ಕಬಡ್ಡಿಗೆ ನಗದು ಎಷ್ಟು, ನೌಕರಿ ಯಾವುದು ಎಂದು ಆದೇಶ ಹೊರಡಿಸಲಿ.