ಉದ್ಘಾಟನೆಯ ಮರುದಿನ ಗಡಿಗೆ ತುಂಬುವವರು ಯಾರು?

ಸಂಪಾದಕರಿಗೆ,



ಬೇಸಿಗೆ ಬಂತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಚಿತ್ರಗಳು ಕಾಣತೊಡಗುತ್ತವೆ. ಮೇಲೊಂದು ಶಾಮಿಯಾನ, ಹಾರ ಹಾಕಿದ ಮಣ್ಣಿನ ಗಡಿಗೆಗಳು, ರಿಬ್ಬನ್ ಕತ್ತರಿಸುವ ಗಣ್ಯರು, ಬೆನ್ನ ಹಿಂದೆ ಅಗಲವಾದ ಫ್ಲೆಕ್ಸ್. ಕೆಳಗೆ ‘ಅರವಟ್ಟಿಗೆ ಉದ್ಘಾಟನೆ’ ಎಂಬ ಸಾಲು. ಬಿಸಿಲಿಗೆ ಹೆಸರಾದ ನಮ್ಮ ಕಲಬುರಗಿಯಲ್ಲಿ ದಾರಿಹೋಕರಿಗೆ ನೀರಿಡುವುದು ಪುಣ್ಯದ ಕೆಲಸವೇ. ಅದನ್ನು ಮಾಡುವವರ ಮನಸ್ಸನ್ನು ನಾನು ಅನುಮಾನಿಸುವುದಿಲ್ಲ. ನನ್ನ ತಕರಾರು ಇರುವುದು ಆ ಚಿತ್ರದ ಮರುದಿನದ ಬಗ್ಗೆ.

ನಾನು ಕಮಲಾಪುರದವಳು, ನಿವೃತ್ತ ಶಿಕ್ಷಕಿ. ತಿಂಗಳಿಗೆ ಎರಡು ಮೂರು ಸಲ ಬಸ್ಸಿನಲ್ಲೋ ಟಂಟಂನಲ್ಲೋ ಕಲಬುರಗಿಗೆ ಹೋಗಿಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನಡು ಮಧ್ಯಾಹ್ನ. ತಲೆಯ ಮೇಲೆ ಗಂಟು ಹೊತ್ತ ಮುದುಕಿಯೊಬ್ಬಳು ಅರವಟ್ಟಿಗೆಯ ಹತ್ತಿರ ಬಂದು, ಸರಪಳಿಗೆ ಕಟ್ಟಿದ ಲೋಟ ಹಿಡಿದು ಗಡಿಗೆ ಬಗ್ಗಿಸಿದಳು. ಹನಿ ನೀರಿಲ್ಲ. ಪಕ್ಕದ ಗಡಿಗೆ ಬಗ್ಗಿಸಿದಳು. ಅದರ ತಳದಲ್ಲಿ ಧೂಳಿತ್ತು. ಹಿಂದಿನ ಫ್ಲೆಕ್ಸ್ ಮಾತ್ರ ಹೊಸದಾಗಿಯೇ ಇತ್ತು. ಅದರ ಮೇಲಿದ್ದ ಉದ್ಘಾಟನೆಯ ದಿನಾಂಕ ನೋಡಿದೆ, ಹನ್ನೊಂದು ದಿನವಾಗಿತ್ತು. ಕೊನೆಗೆ ಆಕೆಗೆ ನೀರು ಕೊಟ್ಟದ್ದು ಅಲ್ಲೇ ಕೂತು ಚಪ್ಪಲಿ ಹೊಲಿಯುತ್ತಿದ್ದವರು, ತಮ್ಮ ಬಾಟಲಿಯಿಂದ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಇಲ್ಲಿಯ ಬಿಸಿಲು ಎಂಥದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆಸ್ಪತ್ರೆಗೆ, ಸಂತೆಗೆ, ಕೂಲಿಗೆ ಹಳ್ಳಿಯಿಂದ ಬರುವವರಿಗೆ ವೇಳೆ ಬದಲಿಸಿಕೊಳ್ಳುವ ಅನುಕೂಲ ಇಲ್ಲ. ಅರವಟ್ಟಿಗೆ ಇರುವುದೇ ಅವರಿಗಾಗಿ. ಗಡಿಗೆ ಇಡದಿದ್ದರೆ ಆ ಮುದುಕಿ ಮನೆಯಿಂದಲೇ ನೀರು ತರುತ್ತಿದ್ದಳೇನೋ. ಇಟ್ಟು ತುಂಬದೆ ಬಿಟ್ಟರೆ, ನಂಬಿ ಬಂದವರನ್ನು ಬರಿಗೈಯಲ್ಲಿ ಕಳಿಸಿದಂತಾಗುತ್ತದೆ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ. ನಮ್ಮ ಕಡೆ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು ಸಿಗುತ್ತದೆ. ದಿನಕ್ಕೆ ನಾಲ್ಕು ಕ್ಯಾನ್ ಎಂದರೆ 20 ರೂಪಾಯಿ, ಎರಡು ತಿಂಗಳಿಗೆ 1200 ರೂಪಾಯಿ. ಒಂದು ದಿನದ ಶಾಮಿಯಾನ, ಹಾರ, ಶಾಲು, ಫ್ಲೆಕ್ಸಿನ ಖರ್ಚಿನಲ್ಲಿ ಇಡೀ ಬೇಸಿಗೆಗೆ ನೀರು ಒದಗಿಸಬಹುದು. ಕೊರತೆ ಇರುವುದು ಹಣದ್ದಲ್ಲ, ಹೊಣೆ ಹೊರುವವರದ್ದು.

ಆಸ್ಪತ್ರೆಗಳಲ್ಲಿ ಹಣ್ಣು ಹಂಪಲು ಹಂಚುವುದು ಇನ್ನೊಂದು ರೂಢಿ. ನನ್ನ ತಂಗಿ ಆಪರೇಷನ್ ಆಗಿ ಒಂದು ಆಸ್ಪತ್ರೆಯಲ್ಲಿದ್ದಳು. ಯಾರದೋ ಹುಟ್ಟುಹಬ್ಬವೆಂದು ಹತ್ತಾರು ಜನ ವಾರ್ಡಿಗೆ ಬಂದರು. ಆಕೆಗೆ ಇನ್ನೂ ಗಟ್ಟಿ ಆಹಾರ ಕೊಡುವಂತಿರಲಿಲ್ಲ. ಆದರೂ ಕೈಗೆ ಬಾಳೆಹಣ್ಣು ಇಟ್ಟು, ಸುತ್ತ ನಿಂತು ಫೋಟೊ ತೆಗೆದುಕೊಂಡು ಹೋದರು. ಯಾವ ಕಾಯಿಲೆಗೆ ಆಪರೇಷನ್ ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು. ಸಂಜೆಯೊಳಗೆ ಆ ಫೋಟೊ ನಮ್ಮೂರಿನ ವಾಟ್ಸ್ಆ್ಯಪ್ ಗುಂಪಿಗೆ ಬಂತು, ವಾರ್ಡಿನ ಹೆಸರಿನ ಸಮೇತ. ತಂಗಿ ಅಂದದ್ದು ಇಷ್ಟೆ: “ಹಣ್ಣ ಕೊಟ್ಟಾರ ಖರೆ ಅಕ್ಕಾ, ನನ್ನ ಮಾರಿ ಊರ ತುಂಬ ಹಂಚ್ಯಾರ.” ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

2020ರ ಲಾಕ್‌ಡೌನ್ ದಿನಗಳಲ್ಲಿ ರಾಜಸ್ಥಾನ ಸರ್ಕಾರ, ಬಡವರಿಗೆ ಆಹಾರ ಹಂಚುವಾಗ ಫೋಟೊ ತೆಗೆಯಬಾರದು ಎಂದು ನಿರ್ಬಂಧ ಹಾಕಿತ್ತು. ಹಸಿದವರು ಕ್ಯಾಮೆರಾಕ್ಕೆ ಹೆದರಿ ಅನ್ನ ಬಿಟ್ಟು ಹೋಗಬಾರದು ಎಂಬುದು ಸರಳ ನ್ಯಾಯ. ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಆ ದಿನಗಳಲ್ಲಿ ಇಲ್ಲಿಯೂ ಅನೇಕರು ಅನ್ನ ಬೇಯಿಸಿ ಹಂಚಿದರು. ಅವರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ಗೊತ್ತಿಲ್ಲ, ಅನ್ನ ಮಾತ್ರ ಮುಟ್ಟಬೇಕಾದವರಿಗೆ ಮುಟ್ಟಿತು.

ರಕ್ತದಾನ ಶಿಬಿರಗಳ ತೊಡಕೂ ಇಂಥದ್ದೇ. ನಾಯಕರ ಜನ್ಮದಿನಕ್ಕೆ, ರಾಷ್ಟ್ರೀಯ ಹಬ್ಬಗಳಿಗೆ ಒಂದೇ ದಿನ ಹಲವು ಕಡೆ ಶಿಬಿರ ನಡೆಯುತ್ತದೆ. ಪಡೆದ ರಕ್ತದ ಕೆಂಪು ಕಣಗಳನ್ನು 35ರಿಂದ 42 ದಿನ ಮಾತ್ರ ಇಟ್ಟುಕೊಳ್ಳಬಹುದು, ಪ್ಲೇಟ್‌ಲೆಟ್‌ಗಳನ್ನು 5 ದಿನ. ಒಮ್ಮೆ ಕೊಟ್ಟ ಗಂಡಸರು ಮತ್ತೆ ಕೊಡಲು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು. ಊರಿನ ಯುವಕರೆಲ್ಲ ಒಂದೇ ದಿನ ತೋಳು ಚಾಚಿದರೆ ಆರು ವಾರದೊಳಗೆ ಆ ರಕ್ತದ ಅವಧಿ ಮುಗಿದಿರುತ್ತದೆ, ಆ ಯುವಕರು ಮಾತ್ರ ಇನ್ನೂ ಕೊಡುವಂತಿರುವುದಿಲ್ಲ. ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಆ ಮಗುವಿನ ಅಗತ್ಯ ಯಾರ ಜನ್ಮದಿನಕ್ಕೂ ಕಾಯುವುದಿಲ್ಲ. ಕಾಲೇಜುಗಳಿಗೆ ರಜೆ ಇರುವ ಬೇಸಿಗೆಯಲ್ಲಿ ದಾನಿಗಳನ್ನು ಹುಡುಕುವ ಕಷ್ಟ ರೋಗಿಯ ಕಡೆಯವರಿಗೇ ಗೊತ್ತು.

ಸದ್ದಿಲ್ಲದೆ ದಿನವೂ ಸೇವೆ ಮಾಡುವುದು ಹೇಗೆಂದು ಹೇಳಿಕೊಡಲು ನಮಗೆ ಹೊರಗಿನವರು ಬೇಕಿಲ್ಲ. ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ನೆಲೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರನ್ನು ನಾವು ಮಹಾದಾಸೋಹಿ ಎಂದು ಕರೆಯುತ್ತೇವೆ. ಎರಡು ಶತಮಾನ ಕಳೆದರೂ ಅವರ ಹೆಸರಿನ ದಾಸೋಹ ನಿಂತಿಲ್ಲ. ಪಂಕ್ತಿಯಲ್ಲಿ ಕೂತವರ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಜಾತ್ರೆಗೆ, ಖಾಜಾ ಬಂದೇನವಾಜರ ಉರುಸಿಗೆ ಬಂದವರಿಗೆ ತಮ್ಮ ಮನೆ ಮುಂದೆ ನೀರಿಟ್ಟು ಕಾಯುವವರು ಈ ಊರಿನಲ್ಲಿದ್ದಾರೆ. ಹಳೆಯ ಕನ್ನಡ ಶಾಸನಗಳಲ್ಲಿ ಕೆರೆ, ಬಾವಿ, ಛತ್ರಗಳ ಜೊತೆಗೆ ಅರವಟ್ಟಿಗೆಗೂ ಭೂಮಿ ದತ್ತಿ ಬಿಟ್ಟ ಉಲ್ಲೇಖಗಳಿವೆ. ಹೊಲ ಬರೆದುಕೊಟ್ಟವರು ನೀರು ಹೊರುವವರ ಕೂಲಿಯ ಬಗ್ಗೆ, ಒಡೆದ ಗಡಿಗೆಯ ಬಗ್ಗೆ, ಮುಂದಿನ ವರ್ಷದ ಬಗ್ಗೆ ಯೋಚಿಸಿದ್ದರು. ದಾಸೋಹ ಎಂದರೆ ನಾನು ದಾಸ ಎಂಬ ಭಾವ. ದಾಸನ ಕೆಲಸಕ್ಕೆ ಮೊದಲ ದಿನ, ಕೊನೆಯ ದಿನ ಎಂಬುದು ಇರುವುದಿಲ್ಲ.

ಪ್ರಚಾರ ಸಿಕ್ಕರೆ ನಾಲ್ಕು ಜನಕ್ಕೆ ಪ್ರೇರಣೆಯಾಗುತ್ತದೆ, ಕೊಟ್ಟವರಿಗೆ ಲೆಕ್ಕ ತೋರಿಸಿದಂತಾಗುತ್ತದೆ ಎಂದು ಇಂಥ ಸೇವೆ ಮಾಡುವ ಸಂಘದವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಸಣ್ಣ ಸಂಘಗಳು ಚಂದಾ ಎತ್ತಿಯೇ ನಡೆಯಬೇಕು. ಹಾಗಿದ್ದರೆ ತುಂಬಿದ ಗಡಿಗೆಯ ಚಿತ್ರ ಹಾಕಲಿ, ಖರ್ಚಿನ ಪಟ್ಟಿ ಹಾಕಲಿ, ಪಾಳಿಯ ಮೇಲೆ ದುಡಿದವರ ಹೆಸರು ಹಾಕಲಿ. ಕೈಚಾಚಿದವರ ಮುಖ ಬೇಡ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಅರವಟ್ಟಿಗೆ ಇಡುವ ಸಂಘದವರು ಫ್ಲೆಕ್ಸಿನ ಬದಲು ಒಂದು ಹಲಗೆ ತೂಗುಹಾಕಿ, ಯಾವ ದಿನ ಯಾರ ಪಾಳಿ, ಯಾವ ತಾರೀಖಿನವರೆಗೆ ಎಂದು ಬರೆಯಲಿ. ಸಾಧ್ಯವಾದರೆ ದಿನವಿಡೀ ಅಲ್ಲೇ ಕೂತು ದುಡಿಯುವವರ ಪಕ್ಕದಲ್ಲಿ ಗಡಿಗೆ ಇಟ್ಟು, ನೀರಿನ ಖರ್ಚು ಮತ್ತು ನಿಗಾದ ಕೂಲಿ ಅವರಿಗೆ ಕೊಡಲಿ. ರಕ್ತದಾನ ಶಿಬಿರ ಮಾಡುವವರು ಮೊದಲು ರಕ್ತನಿಧಿಯವರನ್ನು ಕೇಳಿ, ಕೊರತೆಯ ತಿಂಗಳು ಆರಿಸಿಕೊಳ್ಳಲಿ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಕಾಲೇಜುಗಳು ಆ ಗಂಟೆಗಳಲ್ಲಿ ಸ್ವಲ್ಪವನ್ನು, ದೊಡ್ಡ ಆಸ್ಪತ್ರೆಗಳಿಗೆ ಬಂದು ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕೆಂದು ತಿಳಿಯದೆ ನಿಲ್ಲುವ ಹಳ್ಳಿಯವರ ಜೊತೆ ಕಳೆಯಲು ವಿದ್ಯಾರ್ಥಿಗಳಿಗೆ ಹೇಳಲಿ. ಅವರಿಗೆ ಒಂದು ಬಾಳೆಹಣ್ಣಿಗಿಂತ, ಜೊತೆಗೆ ಬಂದು ಫಾರಂ ತುಂಬಿಕೊಡುವವರ ಅಗತ್ಯ ಹೆಚ್ಚು.

ನಿಮಗೂ ಒಂದು ವಿನಂತಿ. ನೆರವು ಪಡೆಯುವವರ ಮುಖ ಕಾಣುವ ಚಿತ್ರಗಳನ್ನು ದಯವಿಟ್ಟು ಪ್ರಕಟಿಸಬೇಡಿ. ಉದ್ಘಾಟನೆಯ ಸುದ್ದಿ ಹಾಕಿದರೆ, ಹದಿನೈದನೇ ದಿನ ನಿಮ್ಮ ವರದಿಗಾರರು ಮತ್ತೊಮ್ಮೆ ಅಲ್ಲಿಗೆ ಹೋಗಿ ಗಡಿಗೆ ಬಗ್ಗಿಸಿ ನೋಡಲಿ. ನೀರಿದ್ದರೆ ಆ ಸಂಘದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಅದು ಓದಲು ಯೋಗ್ಯವಾದ ಸುದ್ದಿ.

ಈ ವರ್ಷ ಕಮಲಾಪುರದಲ್ಲಿ ನಾವು ಏಳು ಮಂದಿ ಸೇರಿ ಬಸ್ಸಿಗೆ ಕಾಯುವ ಜಾಗದಲ್ಲಿ, ಹಣ್ಣು ಮಾರುವವರ ತಳ್ಳುಗಾಡಿಯ ಪಕ್ಕದಲ್ಲಿ, ಮೂರು ಗಡಿಗೆ ಇಡುತ್ತಿದ್ದೇವೆ. ಉದ್ಘಾಟನೆ ಇಲ್ಲ. ವಾರದ ಏಳು ದಿನಕ್ಕೆ ಏಳು ಪಾಳಿ ಬರೆದಾಗಿದೆ. ಮಂಗಳವಾರದ್ದು ನನ್ನದು.

ಇಂತಿ,
ನಿವೃತ್ತ ಶಿಕ್ಷಕಿ, ಕಮಲಾಪುರ
ಕಲಬುರಗಿ ಜಿಲ್ಲೆ