ಒಂದು ಹೊಳೆ, ಎರಡು ದಡ

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಡಗಳಲ್ಲಿಯೂ ಶಂಕುಸ್ಥಾಪನೆ ನಡೆಯಿತು. ಹೊಸಪೇಟೆಯ ದಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದಿತು. ಮುನಿರಾಬಾದಿನ ದಡವು ನಿಜಾಮನ ಸೀಮೆ. ನೀರನ್ನು ಹಂಚಿಕೊಳ್ಳಲು ಎರಡು ಸರ್ಕಾರಗಳೂ ಒಪ್ಪಿದ್ದವು. ಪ್ರಜೆಯ ಹಕ್ಕು ಮಾತ್ರ ಹೊಳೆಯನ್ನು ದಾಟಿ ಬರಲಿಲ್ಲ. 1947ರ ಆಗಸ್ಟ್ 15ರಂದು ಆಚೆಯ ದಡವು ಸ್ವತಂತ್ರವಾದಾಗ, ಈಚೆಯವರು ಕಣ್ಣಳತೆಯ ದೂರದಲ್ಲಿಯೇ ನಿಜಾಮನ ಪ್ರಜೆಗಳಾಗಿ ಉಳಿದರು.

ಕೇಳಿದ್ದನ್ನು ಕಾಲಕ್ಕೆ ಕೊಡದ ಅರಸೊತ್ತಿಗೆಗೆ ಒದಗುವ ಗತಿಯನ್ನು ರಷ್ಯವು ಮೊದಲೇ ತೋರಿಸಿದ್ದಿತು. 1905ರ ಜನವರಿಯಲ್ಲಿ ಅಹವಾಲನ್ನು ಹಿಡಿದು ಅರಮನೆಯತ್ತ ನಡೆದ ಕಾರ್ಮಿಕರ ಮೇಲೆ ಗುಂಡು ಹಾರಿತು. ಬಳಿಕ ಒಪ್ಪಿ ಕೊಟ್ಟ ಡೂಮಾ ಎಂಬ ಶಾಸನಸಭೆಯನ್ನೂ ಝಾರ್ ನಿಕೊಲಾಸನು ಹೆಚ್ಚು ದಿನ ಸಹಿಸದೆ ವಿಸರ್ಜಿಸಿದನು. 1917ರಲ್ಲಿ ಅವನ ಸಿಂಹಾಸನವೇ ಉರುಳಿತು.

ಹೈದರಾಬಾದಿನಲ್ಲಿ ಜವಾಬ್ದಾರಿ ಸರ್ಕಾರವನ್ನು ಬೇಡಿದ ಸ್ಟೇಟ್ ಕಾಂಗ್ರೆಸ್ಸಿಗೆ 1938ರಲ್ಲಿ ದೊರೆತದ್ದು ನಿಷೇಧ. ಬೇಡಿಕೆಯು ಅದರಿಂದ ಅಡಗಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಮಿತಿಮೀರಿದಾಗ ಕೊಪ್ಪಳ ಸೀಮೆಯ ತರುಣರು ಗಡಿಯಾಚೆಯ ಮುಂಡರಗಿ ಶಿಬಿರವನ್ನು ಸೇರಿದರು; ಅಳವಂಡಿಯ ಶಿವಮೂರ್ತಿಸ್ವಾಮಿಗಳು ಅದರ ಮುಂದಾಳು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಮಣಿದನು.

ಝಾರನು 1918ರಲ್ಲಿ ಸಂಸಾರಸಮೇತ ಹತನಾದನು. ನಿಜಾಮನಾದರೋ 1950ರಿಂದ 1956ರವರೆಗೆ ಹೈದರಾಬಾದಿನ ರಾಜಪ್ರಮುಖನಾಗಿದ್ದನು. ದೊರೆಗಳಿಗೆ ಬಂದ ಗತಿ ಬೇರೆ ಬೇರೆ. ಅವರ ಹಟಕ್ಕೆ ಬೆಲೆ ತೆತ್ತವರು ಎರಡೆಡೆಯಲ್ಲಿಯೂ ಪ್ರಜೆಗಳೇ. ಮುನಿರಾಬಾದಿನ ಮುಂದಿನ ಆ ಒಂದು ಹೊಳೆಯನ್ನು ದಾಟಲು ಸ್ವಾತಂತ್ರ್ಯಕ್ಕೆ ಹದಿಮೂರು ತಿಂಗಳು ಹಿಡಿಯಿತು.