ನವುಲೆಯ ಒಳರಸ್ತೆಗಳಲ್ಲಿ ಮೂವತ್ತೇ ಸಾಕು



ಸವಳಂಗ ರಸ್ತೆ ಊರಿಂದೂರಿಗೆ ಹೋಗುವವರ ರಸ್ತೆ. ಶಿಕಾರಿಪುರದ ಬಸ್ಸು, ಜಲ್ಲಿ ಹೊತ್ತ ಟಿಪ್ಪರ್, ಕಾರು, ಬೈಕು ಎಲ್ಲವೂ ಅಲ್ಲಿ ಓಡಲೇಬೇಕು. ಅದಕ್ಕೆ ನಮ್ಮ ತಕರಾರಿಲ್ಲ. ಅಲ್ಲಿಂದ ನಮ್ಮ ಕ್ರಾಸುಗಳಿಗೆ ತಿರುಗಿದ ಮೇಲೂ ಗಾಡಿಯ ವೇಗ ಇಳಿಯುವುದಿಲ್ಲವಲ್ಲ, ತಕರಾರು ಅದಕ್ಕೆ. ಒಳಗೆ ಬಂದರೆ ಎಷ್ಟೋ ಕಡೆ ಫುಟ್‌ಪಾತ್ ಇಲ್ಲ, ಗೇಟು ತೆಗೆದರೆ ಕಾಲಿಡುವುದು ರಸ್ತೆಗೇ. ಹಾಲಿಗೆ ಹೊರಟ ಅಜ್ಜ, ಸೈಕಲ್ ಕಲಿಯುವ ಮಗು, ಶಾಲೆಯ ವ್ಯಾನಿಗೆ ಕಾಯುವ ತಾಯಿ, ತಳ್ಳುಗಾಡಿಯ ತರಕಾರಿಯವರು, ಎಲ್ಲರಿಗೂ ಇರುವುದು ಅದೊಂದೇ ಡಾಂಬರು.

1980ರಲ್ಲಿ ಶುರುವಾದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಆವರಣ, ಕ್ರಿಕೆಟ್ ಮೈದಾನ, ಇವೆಲ್ಲ ನವುಲೆಗೆ ಜನರನ್ನೂ ಬಾಡಿಗೆ ಮನೆಗಳನ್ನೂ ತಂದಿವೆ. ಹೊರಗಿನಿಂದ ಬಂದ ಹುಡುಗರ ಮೇಲೆ ದೂರು ಹೇಳಲು ಈ ಕರಪತ್ರ ಅಚ್ಚು ಹಾಕಿಸಿಲ್ಲ. ಜೋರಾಗಿ ಓಡಿಸುವವರಲ್ಲಿ ಇದೇ ಬೀದಿಯ ಮನೆಯವರೂ ಇದ್ದಾರೆ: ಆಫೀಸಿಗೆ ತಡವಾದ ಅಪ್ಪ, ಟ್ಯೂಷನ್ನಿಗೆ ಓಡುವ ಮಗ. ನಮ್ಮ ಮನೆ ಮುಂದೆ ಬೇರೆಯವರು ನಿಧಾನ ಹೋಗಬೇಕು ಅನ್ನುವವರು ಪಕ್ಕದ ಕ್ರಾಸಿನಲ್ಲಿ ಎಷ್ಟರಲ್ಲಿ ಹೋಗುತ್ತೇವೆಂದು ಮೀಟರ್ ನೋಡಿಕೊಳ್ಳಬೇಕು.

ಒಂದು ಲೆಕ್ಕ ದಯವಿಟ್ಟು ಗಮನವಿಟ್ಟು ಓದಿ. ಚೆಂಡಿನ ಹಿಂದೆ ಮಗು ರಸ್ತೆಗೆ ಬಂತು. ಕಣ್ಣು ಕಂಡು, ಕೈಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡು ಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದ ಗಾಡಿ ಅಷ್ಟರಲ್ಲಿ 8 ಮೀಟರ್ ಮುಂದೆ ಬಂದಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನು 5 ಮೀಟರ್ ಹೋಗಿ ನಿಲ್ಲುತ್ತದೆ. ಒಟ್ಟು 13 ಮೀಟರ್. 50ರಲ್ಲಿದ್ದ ಗಾಡಿ ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಬಂದಿರುತ್ತದೆ. ಅಂದರೆ ಮೊದಲನೆಯವರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯವರು ಬ್ರೇಕನ್ನೇ ಹಿಡಿದಿರುವುದಿಲ್ಲ; ಪೂರ್ತಿ 50ರಲ್ಲೇ ಆ ಮಗುವಿಗೆ ಬಡಿಯುತ್ತಾರೆ. ಇದು ಒಣ ರಸ್ತೆಯ, ಒಳ್ಳೆಯ ಟೈರಿನ ಲೆಕ್ಕ. ನಮ್ಮ ಜುಲೈ ಮಳೆಯಲ್ಲಿ ಇನ್ನೂ ದೂರ ಬೇಕು.

ಇಷ್ಟಕ್ಕೆ ಸಿಗುವ ಲಾಭವೇನು? ಅರ್ಧ ಕಿಲೋಮೀಟರ್ ಒಳರಸ್ತೆಯಲ್ಲಿ 30ರ ಬದಲು 50ರಲ್ಲಿ ಹೋದರೆ ಉಳಿಯುವುದು 24 ಸೆಕೆಂಡು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71 ಸಾವು ಅತಿವೇಗದ ಲೆಕ್ಕದಲ್ಲಿವೆ. ಜನರೂ ವಾಹನಗಳೂ ಒಟ್ಟಿಗೆ ಓಡಾಡುವ ಕಡೆ 30 ಕಿ.ಮೀ. ಮೀರಬಾರದು ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ನಮ್ಮಲ್ಲಿ 2018ರ ಕೇಂದ್ರದ ಅಧಿಸೂಚನೆ ನಗರದೊಳಗೆ ಬೈಕಿಗೆ 60, ಕಾರಿಗೆ 70ರವರೆಗೆ ಬಿಟ್ಟಿದೆ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ, ಜನರ ಸುರಕ್ಷತೆಗೆ ಬೇಕೆಂದು ಕಂಡ ರಸ್ತೆಯಲ್ಲಿ ಮಿತಿ ಇಳಿಸಿ ಫಲಕ ಹಾಕಿಸುವ ಅಧಿಕಾರ ಸರ್ಕಾರಕ್ಕಿದೆ. ನಾವು ಕೇಳುತ್ತಿರುವುದು ಅದನ್ನೇ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಮ್ಮ ಮನವಿ ಅವರಿಗೂ, ಮಹಾನಗರ ಪಾಲಿಕೆಗೂ, ಸಂಚಾರ ಪೊಲೀಸರಿಗೂ ಹೋಗಬೇಕು.

ಫಲಕದ ಜೊತೆಗೆ ವೇಗ ತಗ್ಗಿಸುವ ಹಂಪ್ ವಿಷಯವನ್ನೂ ಬಿಡಿಸಿ ಹೇಳಬೇಕಾಗಿದೆ. ಬೇಸತ್ತ ಜನ ಕೆಲವು ಕಡೆ ರಾತ್ರೋರಾತ್ರಿ ಸಿಮೆಂಟು ಸುರಿದು ತಾವೇ ದಿಣ್ಣೆ ಮಾಡಿಬಿಡುತ್ತಾರೆ. ಅವರ ಸಂಕಟ ನಮಗೂ ಗೊತ್ತು, ಆದರೂ ಹಾಗೆ ಮಾಡಬೇಡಿ. ಬಣ್ಣವಿಲ್ಲದ ಚೂಪು ದಿಣ್ಣೆಗೆ ಕತ್ತಲಲ್ಲಿ ಬೈಕ್ ಹಾರಿದರೆ ಹಿಂದೆ ಕೂತ ಹೆಂಗಸು ರಸ್ತೆಗೆ ಬೀಳುತ್ತಾರೆ, ಆಂಬುಲೆನ್ಸಿನಲ್ಲಿರುವ ರೋಗಿ ನರಳುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಸ್ಪಷ್ಟವಾಗಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲೆ ಕಪ್ಪು ಬಿಳುಪು ಪಟ್ಟೆ, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ. ಇಂಥ ಉಬ್ಬನ್ನು 25ರ ವೇಗದಲ್ಲಿ ಸೊಂಟ ಉಳುಕದೆ ದಾಟಬಹುದು, 50ರಲ್ಲಿ ಆಗದು. ಈ ಅಳತೆಯದ್ದೇ ಬೇಕೆಂದು ಪಟ್ಟು ಹಿಡಿಯೋಣ. ತಿರುವಿನಲ್ಲಿ ಕಾರು ನಿಲ್ಲಿಸಿ ಎದುರು ಬರುವವರ ಕಣ್ಣಿಗೆ ಅಡ್ಡ ಮಾಡುವುದನ್ನು, ಕಾಂಪೌಂಡಿನ ಗಿಡ ರಸ್ತೆಗೆ ಚಾಚಲು ಬಿಡುವುದನ್ನು ಮಾತ್ರ ಯಾವ ಕಚೇರಿಗೂ ಕಾಯದೆ ನಾವೇ ಇಂದೇ ನಿಲ್ಲಿಸಬಹುದು.

ಅಪ್ಪ ಅಮ್ಮಂದಿರಿಗೆ ಕೈಮುಗಿದು ಒಂದು ಮಾತು. ಲೈಸೆನ್ಸ್ ಆಗದ ಮಕ್ಕಳ ಕೈಗೆ ಸ್ಕೂಟರ್ ಕೀ ಕೊಡಬೇಡಿ, ಅಂಗಡಿವರೆಗೆ ತಾನೇ ಅನ್ನಬೇಡಿ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂನಂತೆ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ದಂಡ ಕಟ್ಟಿ ಮುಗಿಸಬಹುದು. ನಿಮ್ಮ ಮಗನ ಗಾಡಿಗೆ ಸಿಕ್ಕವರ ಮನೆಗೆ ಏನು ಕಟ್ಟಿಕೊಡುತ್ತೀರಿ?

ಇನ್ನು ಕೆಲಸ. ಈ ಹಾಳೆಯ ಹಿಂಭಾಗ ಖಾಲಿ ಬಿಟ್ಟಿದ್ದೇವೆ. ನಿಮ್ಮ ಕ್ರಾಸು ಯಾವುದು, ಎಲ್ಲಿ ಗಾಡಿಗಳು ಜೋರು, ಯಾವ ಹೊತ್ತಿನಲ್ಲಿ, ಎಲ್ಲಿ ಬೀದಿದೀಪ ಉರಿಯುವುದಿಲ್ಲ, ಎಲ್ಲಿ ಮಕ್ಕಳು ರಸ್ತೆ ದಾಟುತ್ತಾರೆ, ಬರೆದಿಡಿ. ಓದುಬರಹ ಬಾರದ ಹಿರಿಯರಿದ್ದರೆ ಪಕ್ಕದವರು ಕೇಳಿ ಬರೆದುಕೊಡಿ. ದಿನವಿಡೀ ಜಗುಲಿಯಲ್ಲಿ ಕೂತು ರಸ್ತೆ ನೋಡುವವರು ಅವರೇ. ಭಾನುವಾರ ಬೆಳಿಗ್ಗೆ ಮನೆ ಮನೆಗೆ ಬಂದು ಹಾಳೆ ಪಡೆದು, ಮನವಿಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಬಾಡಿಗೆಗೆ ಇರುವವರೂ, ಪಿ.ಜಿ.ಯಲ್ಲಿ ಇರುವವರೂ ಸಹಿ ಹಾಕಿ. ಮನವಿ ಕೊಡುವ ದಿನ ಮನೆಗೊಬ್ಬರು ಬನ್ನಿ. ಕಚೇರಿಯಲ್ಲಿ ಸೀಲು ಹಾಕಿದ ಸ್ವೀಕೃತಿ ಪಡೆದೇ ಹೊರಡೋಣ, ಅದರ ಪ್ರತಿಯನ್ನು ಪ್ರತಿ ಕ್ರಾಸಿನ ಅಂಗಡಿಯಲ್ಲೂ ಅಂಟಿಸೋಣ.

— ನವುಲೆಯ ನಿವಾಸಿಗಳು